ಒಂದು ಕೈಯಲ್ಲಿ ತೆಗೆದುಕೊಂಡ ವೀಳ್ಯ

ನನ್ನ ಗಂಡ ದೋಣಿಗಲ್ ಹತ್ತಿರದ ಒಂದು ಎಸ್ಟೇಟಿನ ಮಾಲೀಕರ ಕಿರಿಮಗ. ನಾನು ಅದೇ ಎಸ್ಟೇಟಿನ ಕೂಲಿಯವರ ಲೈನ್ ಮನೆಯಲ್ಲಿ ಹುಟ್ಟಿದವಳು. ನನ್ನನ್ನು ಕಟ್ಟಿಕೊಳ್ಳುವುದಾದರೆ ಪಾಲಿನ ಆಸೆ ಬಿಡು ಎಂದರು ಅವರಪ್ಪ. ಇವರು ತೋಟ, ಮನೆ, ಜೀಪು ಯಾವುದೂ ಬೇಡವೆಂದು ಸಹಿ ಹಾಕಿ, ಉಟ್ಟ ಬಟ್ಟೆಯಲ್ಲೇ ಹೊರಟು ಬಂದರು. ಸಕಲೇಶಪುರದಲ್ಲಿ ಒಂದು ಎಸ್‌ಟಿಡಿ ಬೂತ್ ಇಟ್ಟೆವು. ಇಂಥ ಗಂಡ ಯಾರಿಗಿದ್ದಾನೆ ಎಂದು ಫೋನು ಮಾಡಲು ಬಂದವರೆದುರೆಲ್ಲ ಕೊಚ್ಚಿಕೊಳ್ಳುತ್ತಿದ್ದೆ.

ಒಂದೇ ಕೊರಗು. ಇವರು ನನ್ನಪ್ಪನನ್ನು ಮಾವ ಎನ್ನುತ್ತಿರಲಿಲ್ಲ. ಅಪ್ಪನಿಗಂತೂ ಇವರು ಯಾವಾಗಲೂ ಚಿಕ್ಕ ಧಣಿಯೇ. ನಮ್ಮ ಮನೆಗೆ ಬಂದರೆ ಅಪ್ಪ ಇವರೆದುರು ಕುರ್ಚಿಯ ಮೇಲೆ ಕೂರುತ್ತಿರಲಿಲ್ಲ.

ತಂಗಿಯ ಮದುವೆ ಬಂತು. ನಮ್ಮಲ್ಲಿ ಧಾರೆಯಾದ ಮೇಲೆ ಹೆಣ್ಣಿನ ಅಪ್ಪ ಹಿರಿಯಳಿಯನಿಗೆ ವೀಳ್ಯ ಕೊಡಬೇಕು. ಅಳಿಯ ಎದ್ದು, ಕಾಲು ಮುಟ್ಟಿ, ಎರಡೂ ಕೈಯಲ್ಲಿ ತೆಗೆದುಕೊಳ್ಳಬೇಕು. ಅಷ್ಟಾದರೆ ಎಲ್ಲರೆದುರು ಇವರು ನಮ್ಮ ಮನೆ ಅಳಿಯನಾದಂತೆ. ವಾರವೆಲ್ಲ ಹೇಳಿಕೊಟ್ಟಿದ್ದೆ.

"ಮಾವ ಅನ್ರೀ, ನಾಲಿಗೆ ಏನೂ ಸವೆಯಕಿಲ್ಲ."

"ಆಯ್ತು ಮಾರಾಯ್ತಿ" ಎಂದಿದ್ದರು.

ಚಪ್ಪರದಲ್ಲಿ ಅಪ್ಪ ಎಲೆ ಅಡಿಕೆ ಹಿಡಿದು ಬಂದ. ಹೆಗಲ ಮೇಲಿನ ಟವೆಲ್ ತೆಗೆದು ಕಂಕುಳಲ್ಲಿಟ್ಟುಕೊಂಡು, ಸೊಂಟ ಬಗ್ಗಿಸಿ ಎರಡೂ ಕೈ ನೀಡಿದ. ಪಕ್ಕದವರ ಜೊತೆ ಮಾತಾಡುತ್ತಿದ್ದ ಇವರು ಕೂತಲ್ಲಿಂದಲೇ ಒಂದು ಕೈ ಚಾಚಿ ತೆಗೆದುಕೊಂಡುಬಿಟ್ಟರು. ಕಾಫಿ ಕೊಯ್ಲಿನ ಮೊದಲ ದಿನ ಲೈನಿನವರು ಕೊಡುವ ಎಲೆ ಅಡಿಕೆಯನ್ನು ಇವರಪ್ಪ ತೆಗೆದುಕೊಳ್ಳುತ್ತಿದ್ದುದು ಹೀಗೆಯೇ.

ನನ್ನ ಮೈಯೆಲ್ಲ ಉರಿದುಹೋಯಿತು. ಇವರ ತೋಳನ್ನು ಬಲವಾಗಿ ಚಿವುಟಿದೆ. ಆಗ ಎಚ್ಚರವಾಗಿ ಇವರ ಮುಖ ಕೆಂಪೇರಿತು. ತಟ್ಟನೆ ಎದ್ದು, "ಮಾವ" ಎಂದು ಕಾಲಿಗೆ ಬಗ್ಗಿದರು. ಅಪ್ಪ ಹೌಹಾರಿ ಹಿಂದೆ ಸರಿದ.

"ಅಯ್ಯಯ್ಯೋ, ಬ್ಯಾಡಿ ಧಣಿ! ಜನ ನೋಡ್ತಾವ್ರೆ ಕಣ್ರೀ!"

ಇವರು ಮುಂದೆ ಹೋದಂತೆ ಅಪ್ಪ ಹಿಂದೆ ಹಿಂದೆ, ಚಪ್ಪರದ ಕಂಬ ಬೆನ್ನಿಗೆ ತಾಗುವವರೆಗೆ. ಅಲ್ಲೂ ಕಾಲು ಎಳೆದುಕೊಂಡ. ಇವರ ಕೈಗೆ ಸಿಕ್ಕಿದ್ದು ಬರೀ ನೆಲ. ಯಾರೋ ಕಿಸಕ್ಕೆಂದರು. ಗಂಡನ ಬಗ್ಗೆ ನಾಚಿಕೆಯೋ ಅಪ್ಪನ ಬಗ್ಗೆಯೋ, ನನಗೆ ತಲೆ ಎತ್ತಲಾಗಲಿಲ್ಲ.

ಊಟದ ಪಂಕ್ತಿಯಲ್ಲಿ ನಾನು ಅನ್ನ ಬಡಿಸುತ್ತ ಇವರೆದುರು ಬಂದೆ. ಆಚೆ ಅಪ್ಪ ಹೊಸ ಬೀಗರಿಗೆ ಹೇಳುತ್ತಿದ್ದ. ಅವನ ದನಿಯಲ್ಲಿ ಅಷ್ಟು ಸಂತೋಷವನ್ನು ನಾನು ಕೇಳಿಯೇ ಇರಲಿಲ್ಲ.

"ನೋಡಿದ್ರಾ? ನಮ್ ಧಣಿಗಳು ನನ್ ಕೈಯಿಂದ ವೀಳ್ಯ ತಗಂಡ್ರು."

ಇವರಿಗೂ ಅದು ಕೇಳಿಸಿತು. "ಸಾಕು" ಎಂದು ಎಲೆಗೆ ಕೈ ಅಡ್ಡ ಹಿಡಿದರು. ನಾನಿನ್ನೂ ಬಡಿಸಿಯೇ ಇರಲಿಲ್ಲ.