ಬಿಜಲಿ ಕುಣಿಯಲಿಲ್ಲ

ಕಳೆದ ಗುರುವಾರ ಬೆಳಿಗ್ಗೆ ನಾನು ಒಂದು ಮದುವೆ ಮೆರವಣಿಗೆಯನ್ನು ನಡುರಸ್ತೆಯಲ್ಲಿ ತಡೆದು ನಿಲ್ಲಿಸಿದೆ.

ಎರಡೂ ಕೈ ಚಾಚಿ ನಿಂತಿದ್ದೆ. ಸೀರೆಗೆ ಲದ್ದಿ ಮೆತ್ತಿತ್ತು, ತಲೆಯಲ್ಲಿ ಜೋಳದ ಕಣಿಕೆಯ ಚೂರುಗಳಿದ್ದವು. ಜೀಪಿನಲ್ಲಿ ಬಾಸಿಂಗ ಕಟ್ಟಿಕೊಂಡು ಕುಳಿತಿದ್ದ ಮದುಮಗನ ಮುಖ ಬಿಳಿಚಿಕೊಂಡಿತು. ಅವನ ಕಡೆಯ ಹಿರಿಯರು ಒಮ್ಮೆ ನನ್ನನ್ನು ನೋಡಿದರು, ಒಮ್ಮೆ ಅವನನ್ನು ನೋಡಿದರು. ಅವರಿಗೆ ಬಂದ ಅನುಮಾನ ಏನೆಂದು ಬಿಡಿಸಿ ಹೇಳಬೇಕೆ? (ನನಗೆ ಐವತ್ತೆಂಟು. ಹಾಗೆ ನೋಡಿದರೆ ಅದೊಂದು ಕಾಂಪ್ಲಿಮೆಂಟೇ.)

ನಾನು ತಡೆದದ್ದು ಮದುವೆಯನ್ನಲ್ಲ, ಅದರ ಮುಂದೆ ಬಾರಿಸುತ್ತಿದ್ದ ಹಲಗೆಯನ್ನು.

ನಮ್ಮ ಹೊಲ ಮನೋಳಿ ರಸ್ತೆಗೆ ಅಂಟಿಕೊಂಡಿದೆ. ಅಲ್ಲಿ ಯಾರಿಗೂ ಬೇಡವಾದ ನಾಲ್ಕು ಕುದುರೆಗಳಿವೆ ಎಂಬುದು ಈ ಅಂಕಣ ಓದುವ ನಿಮಗೆ ಹೊಸದೇನಲ್ಲ. ಟಾಂಗಾ ಎಳೆದು ಮುದಿಯಾದ ಗೌಡ. ರಾಮದುರ್ಗದ ಕಡೆ ಗಾಡಿ ಶರ್ಯತ್ತಿನಲ್ಲಿ ಓಡಿ ಒಂದು ಕಣ್ಣು ಕಳೆದುಕೊಂಡ ಸೂರಿ. ಮಕ್ಕಳನ್ನು ಹೊತ್ತು ಹೊತ್ತು ಬೆನ್ನು ಬಾಗಿದ ಪುಟಾಣಿ. ಕೊನೆಗೆ ಬಂದವಳು ಬಿಳಿಯ ಬಿಜಲಿ. ಹತ್ತಾರು ಮದುಮಕ್ಕಳನ್ನು ಹೊತ್ತು ಕುಣಿದವಳು ಕಿತ್ತೂರಿನ ಹತ್ತಿರ ಹೆದ್ದಾರಿ ಬದಿಯಲ್ಲಿ ದಿಕ್ಕಿಲ್ಲದೆ ನಿಂತಿದ್ದಳು.

ನನ್ನ ದಿನ ಶುರುವಾಗುವುದು ಇವರಿಂದಲೇ. ಗೌಡನಿಗೆ ಹಲ್ಲಿಲ್ಲ, ಹುರುಳಿಯನ್ನು ಮೆತ್ತಗೆ ಬೇಯಿಸಬೇಕು. ಸೂರಿಗೆ ಕಾಣುವ ಕಣ್ಣಿನ ಕಡೆಯಿಂದಲೇ ಹೋಗಬೇಕು, ಇಲ್ಲದಿದ್ದರೆ ಬೆಚ್ಚುತ್ತಾನೆ. ಪುಟಾಣಿ ಬೆಲ್ಲ ಸಿಗುವವರೆಗೆ ನನ್ನ ಸೆರಗು ಬಿಡುವುದಿಲ್ಲ. ಗೊರಸು ಕೆರೆದು, ಲದ್ದಿ ಬಾಚಿ, ನೀರು ತುಂಬಿಸಿ ಮುಗಿಸುವಷ್ಟರಲ್ಲಿ ನನ್ನ ಗಂಡ ಎರಡು ಸಲ ಚಹಾ ಮಾಡಿಕೊಂಡು ಕುಡಿದಿರುತ್ತಾರೆ. ನನ್ನ ಪಾಲನ್ನೂ ಸೇರಿಸಿ.

ಬಿಜಲಿಗೆ ಮಾತ್ರ ಯಾವ ತಕರಾರೂ ಇರಲಿಲ್ಲ. ಅವಳೇ ನಮ್ಮ ಸ್ಟಾರ್. ಮೊಬೈಲಿನಲ್ಲಿ ಹಲಗೆಯ ಸದ್ದು ಹಾಕಿದರೆ ಸಾಕು, ಮುಂಗಾಲು ಎತ್ತಿ ಎತ್ತಿ ಕುಣಿಯುತ್ತಿದ್ದಳು. ಬಂದವರೆಲ್ಲ ಚಪ್ಪಾಳೆ ತಟ್ಟುತ್ತಿದ್ದರು. ನಾನು ರೀಲ್ ಮಾಡಿ ಹಾಕಿದೆ. ‘ನಮ್ಮ ಮನೆಗೆ ಬಂದ ಮೇಲೆ ಇವಳು ಎಷ್ಟು ಖುಷಿಯಾಗಿದ್ದಾಳೆ ನೋಡಿ’ ಅಂತ ಬರೆದೆ. ಜಂಬ, ಮತ್ತೇನು?

ಹೋದ ತಿಂಗಳು ಅವಳ ಎಡ ಮುಂಗಾಲು ಬಾತುಕೊಂಡಿತು. ಪಶುವೈದ್ಯರು ಬಂದು ಮುಟ್ಟಿ ನೋಡಿದರು.

“ಒಂದ ತಿಂಗಳ ಇಕಿ ಮುಂಗಾಲ ಎತ್ತಿ ಕುಣೀಬಾರದ್ರಿ ಅಕ್ಕಾರ. ಕುಣದ್ಲಂದ್ರ ನರ ಹರೀತೈತಿ. ಆಮ್ಯಾಲ ಆಕಿ ನಿಂದ್ರೂದಿಲ್ಲ.”

ನಿಲ್ಲಲಾರದ ಕುದುರೆ ಹೆಚ್ಚು ದಿನ ಬದುಕುವುದಿಲ್ಲ.

ಆದರೆ ಇದು ಲಗ್ನಗಳ ಸೀಸನ್. ಲಗ್ನಕ್ಕೆ ಮೊದಲು ಮದುಮಗ ಹನುಮಪ್ಪನ ಗುಡಿಗೆ ಹೋಗುವ ದಾರಿಯೂ ನಮ್ಮ ಬೇಲಿಯ ಪಕ್ಕದಲ್ಲೇ. ಬಿಜಲಿಯ ಕಿವಿಗೆ ಹತ್ತಿ ತುರುಕಿದೆ, ಕೊಡವಿ ಬೀಳಿಸಿದಳು. ಹಿಂದಿನ ಶೆಡ್ಡಿನಲ್ಲಿ ಕಟ್ಟಿದೆ, ಅಲ್ಲಿಯೂ ಕೇಳಿಸಿಕೊಂಡಳು. ಸದ್ದು ಮುಚ್ಚಲಿ ಅಂತ ರೇಡಿಯೋ ಜೋರು ಮಾಡಿದರೆ ಅದರ ಭಜನೆಗೂ ಕಾಲು ಎತ್ತಿದಳು. ಎಂಥ ಕಲಾವಿದೆ ಇವಳು, ಮೈಯಲ್ಲಿ ನೋವಿದ್ದರೂ ಬಿಡುವುದಿಲ್ಲವಲ್ಲ ಅಂತ ನನಗೆ ಸಂಕಟದ ನಡುವೆಯೂ ಹೆಮ್ಮೆ.

ಹಾಗಾಗಿ ಗುರುವಾರ ರಸ್ತೆಗೇ ಇಳಿದೆ. ನಮ್ಮ ಬೇಲಿ ದಾಟುವವರೆಗೆ ಹಲಗೆ ನಿಲ್ಲಿಸಿ ಅಂತ ಬೇಡಿಕೊಂಡೆ. ಅವರಲ್ಲಿ ಒಬ್ಬ ಹಿರಿಯರು ಸಿಟ್ಟಾದರು.

“ನಮ್ಮ ಕಡೆ ಹೆಣಾನೂ ಹಲಗಿ ಬಾರಿಸ್ಕೋಂತ ಹೊಕ್ಕಾವ. ಮದಿವಿ ಸಪ್ಪಳಿಲ್ಲದ ಹೋಗಬೇಕೇನ್ರಿ?”

ಮಾತು ಸರಿಯಾಗಿಯೇ ಇತ್ತು. ಆದರೂ ನಾನು ಚಾಚಿದ ಕೈ ಇಳಿಸಲಿಲ್ಲ.

ಅಷ್ಟರಲ್ಲಿ ಹಲಗೆ ಬಾರಿಸುವವರ ಗುಂಪಿನಿಂದ ಒಬ್ಬ ಬೇಲಿಯ ಹತ್ತಿರ ಬಂದ. ಐವತ್ತರ ಆಸುಪಾಸಿನ ಮನುಷ್ಯ, ಹೆಸರು ಯಲ್ಲಪ್ಪ, ಹೂಲಿಯವನು. ಒಳಗೆ ಇಣುಕಿ ನೋಡಿದವನೇ ಕೊರಳಿನ ಹಲಗೆ ತೆಗೆದು ಕೆಳಗಿಟ್ಟ. ಬಿಜಲಿಯ ಜೊತೆ ಆರು ವರ್ಷ ಮದುವೆ ಮದುವೆ ತಿರುಗಿದ್ದನಂತೆ. ನಾನು ಉತ್ಸಾಹದಿಂದ, ಅವಳಿಗೆ ಈಗಲೂ ಕುಣಿತದ ಹುಚ್ಚು ಬಿಟ್ಟಿಲ್ಲ ನೋಡಪ್ಪ ಅಂದೆ.

ಯಲ್ಲಪ್ಪ ನನ್ನ ಮುಖ ನೋಡಲಿಲ್ಲ.

“ಹುಚ್ಚಲ್ರಿ ಅಕ್ಕಾರ, ಅಂಜಿಕಿ. ಆಕಿಗೆ ಕುಣಿಯೂದ ಕಲಸೂಮುಂದ ಬಡಿಗಿ ಮಾಲಕನ ಕೈಯಾಗ, ಹಲಗಿ ನನ್ನ ಕೈಯಾಗ. ನಾ ಒಂದ ಪೆಟ್ಟ ಹಲಗಿಗೆ ಹಾಕಿದ್ರ ಅಂವಾ ಒಂದ ಪೆಟ್ಟ ಆಕಿ ಕಾಲಿಗೆ. ಈಗ ಬಡಿಗಿ ಇಲ್ಲ ಅನ್ನೂದು ಆಕಿಗೆ ಹೆಂಗ ಗೊತ್ತಾಗಬೇಕ್ರಿ?”

ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಎಷ್ಟು ಸಲ ಮೊಬೈಲು ಹಿಡಿದು ಆ ಸದ್ದು ಹಾಕಿದ್ದೆ! ಪ್ರತಿ ಸಲವೂ ಅವಳು ಪೆಟ್ಟು ಬೀಳುತ್ತದೆಂದೇ ಕಾಲು ಎತ್ತಿದ್ದಳು. ಅವಳನ್ನು ಉಳಿಸಿದವಳು ನಾನು ಅಂತ ಊರೆಲ್ಲ ಹೇಳಿಕೊಂಡು ತಿರುಗಿದ್ದೂ ನಾನೇ.

ಒಳಗೆ ಬಂದು ಅವಳನ್ನು ಮಾತಾಡಿಸು ಅಂತ ಯಲ್ಲಪ್ಪನನ್ನು ಕರೆದೆ. ಆಸೆ ಅವನ ಕಣ್ಣಲ್ಲಿ ಕಾಣುತ್ತಿತ್ತು. ತಲೆ ಅಲ್ಲಾಡಿಸಿದ.

“ಬ್ಯಾಡ್ರಿ. ನನ್ನ ವಾಸನಿ ಬಡದ್ರ ಮತ್ತ ಕಾಲ ಎತ್ತತಾಳ.”

ಹಲಗೆಯನ್ನು ಕಂಕುಳಲ್ಲಿ ಇರುಕಿಕೊಂಡು ರಸ್ತೆಯ ಆಚೆ ಬದಿಗೆ ಸರಿದು ನಡೆದ. ಆಗ ಆ ಸಿಟ್ಟಿನ ಹಿರಿಯರು ಏನು ಮಾಡಿದರು ಗೊತ್ತೇ? ಪಟಾಕಿ ಸರವನ್ನು ಹಚ್ಚುವವನ ಕೈಯಿಂದ ಇಸಿದುಕೊಂಡು ತಮ್ಮ ಚೀಲಕ್ಕೆ ಹಾಕಿಕೊಂಡರು. ಜೀಪಿನ ಎಂಜಿನ್ ಬಂದ್ ಮಾಡಿಸಿ, ಮದುಮಗನನ್ನು ಕೆಳಗಿಳಿಸಿ ನಡೆಸಿದರು. ಖಾಲಿ ಜೀಪನ್ನು ನಾಲ್ಕು ಜನ ತಳ್ಳಿದರು. ಆರತಿ ಹಿಡಿದ ಹೆಂಗಸರು ಬಳೆ ಸದ್ದಾಗದಂತೆ ಮುಂಗೈ ಅದುಮಿಕೊಂಡರು. ಅಷ್ಟು ಜನರ ಮದುವೆ ಮೆರವಣಿಗೆ ಒಂದು ಕುದುರೆಗಾಗಿ ಮೆಲ್ಲಗೆ ದಾಟಿ ಹೋಯಿತು. ನಮ್ಮ ಜನರ ಮೇಲೆ ನನಗೆ ಎಷ್ಟು ಪ್ರೀತಿ ಬಂತೆಂದರೆ, ಸೆರಗಿನಲ್ಲಿದ್ದ ಲದ್ದಿಯನ್ನೂ ಮರೆತು ಅದರಲ್ಲೇ ಕಣ್ಣೊರೆಸಿಕೊಂಡೆ.

ನಾನು ಓಡಿ ಹೋಗಿ ಬಿಜಲಿಯ ಕುತ್ತಿಗೆ ಹಿಡಿದು ನಿಂತೆ. ಅವಳ ಕಿವಿ ರಸ್ತೆಯ ಕಡೆಗೇ ಇತ್ತು. ಎಡಗಾಲು ನೆಲದಿಂದ ಒಂದು ಗೇಣು ಮೇಲೆದ್ದು ಗಾಳಿಯಲ್ಲಿ ನಡುಗುತ್ತಿತ್ತು. ಪೆಟ್ಟಿಗಾಗಿ ಕಾದಳು, ಬಹಳ ಹೊತ್ತು ಕಾದಳು. ಪೆಟ್ಟು ಬೀಳಲಿಲ್ಲ. ಕಾಲನ್ನು ಮೆಲ್ಲಗೆ ಕೆಳಗಿಟ್ಟು, ಬಾಗಿ ಒಂದು ಕಣಿಕೆ ಬಾಯಿಗೆ ಹಾಕಿಕೊಂಡಳು.

ಬಾವು ಈಗ ಇಳಿಯುತ್ತಿದೆ. ನನಗೆ ಮಾತ್ರ ಎಲ್ಲಿ ಹೋದರೂ ಆ ಎತ್ತಿದ ಕಾಲೇ ಕಾಣುತ್ತಿದೆ. ನೆಂಟರು ಬಂದ ಕೂಡಲೇ ಎದ್ದು ನಿಂತು ಪದ್ಯ ಒಪ್ಪಿಸುವ ಮಗು. ಮೂರನೇ ಸಲವೂ ನಗುನಗುತ್ತ ಚಹಾ ತರುವ ಸೊಸೆ. ಸಾಹೇಬರ ಜೋಕಿಗೆ ಎಲ್ಲರಿಗಿಂತ ಮೊದಲು ನಗುವ ಗುಮಾಸ್ತ. ಎಷ್ಟು ಖುಷಿಯಾಗಿದ್ದಾರೆ ಅಂತ ನಾವು ಚಪ್ಪಾಳೆ ತಟ್ಟುತ್ತಲೇ ಇರುತ್ತೇವೆ.

ನಿಮ್ಮ ಮನೆಯಲ್ಲಿ ತಾಳ ತಪ್ಪದೆ ಕುಣಿಯುತ್ತಿರುವವರು ಯಾರು?