ಹಸನ್‌ಸಾಬರ ಕತೆಗೆ ಹೂಂಗುಟ್ಟಿದವರು

ಬೆಳಗಿನ ಆರು ಗಂಟೆ. ಸಿಂಧನೂರಿನ ರೈಸ್ ಮಿಲ್ಲುಗಳ ರಾತ್ರಿ ಪಾಳಿ ಬಿಟ್ಟಿದೆ. ಮೈಮೇಲಿನ ತೌಡನ್ನೂ ಕೊಡವದೆ ಹಮಾಲರು ಹಸನ್‌ಸಾಬರ ವಿಡಿಯೊ ಗೇಮ್ ಅಂಗಡಿಗೆ ನುಗ್ಗುತ್ತಾರೆ. ಈ ಹೊತ್ತಿನಲ್ಲಿ ಕರೆಂಟು ಕೈಕೊಡುವುದು ಕಡಿಮೆ. ಹಸನ್‌ಸಾಬರು ಟಿ.ವಿ.ಯ ತಲೆಗೊಂದು ಏಟು ಕೊಟ್ಟು, ಗಂಟಲು ಸರಿಮಾಡಿಕೊಂಡು ಸ್ಟೂಲಿನ ಮೇಲೆ ಕೂರುತ್ತಾರೆ.

ಆಟದಲ್ಲಿ ಒಬ್ಬ ವೀರ ಊರೂರು ಅಲೆದು, ಕಂಡವರನ್ನು ಮಾತಾಡಿಸಿ, ಕಳೆದುಹೋದ ರಾಜಕುಮಾರಿಯನ್ನು ಹುಡುಕಬೇಕು. ಪರದೆ ತುಂಬ ಮಾತು, ಆದರೆ ಎಲ್ಲವೂ ಜಪಾನಿ ಅಕ್ಷರ. ಮೊದಮೊದಲು ಆಡುವವರು ಬೇಸತ್ತು ಎದ್ದುಹೋಗುತ್ತಿದ್ದರು. ತೊಂಬತ್ತಾರನೇ ಇಸವಿಯಲ್ಲಿ ಮಸ್ಕಿಯ ರೇಡಿಯೊ ರಿಪೇರಿ ಬಿಟ್ಟು ಬಂದು ಈ ಅಂಗಡಿ ತೆರೆದಿದ್ದ ಹಸನ್‌ಸಾಬರು ಬೇರೆ ದಾರಿಯಿಲ್ಲದೆ ತಾವೇ ಮಾತು ಕಟ್ಟತೊಡಗಿದರು. ಈಗ ಆಟದ ರಾಜ ಮುದಗಲ್ ಕೋಟೆಯವನು, ಛತ್ರ ನಡೆಸುವವನು ಗೊರೇಬಾಳದ ಮಾತಿನಮಲ್ಲ.

"ಆಡಾವ ಎಡಕ್ಕ ಹೋದ್ರ ಕತಿನೂ ಎಡಕ್ಕ ಎಳೀಬೇಕ್ರೀ. ಒಬ್ಬಾವ ರಾಜನ್ನ ಬಿಟ್ಟು ಕೋಳಿ ಹಿಂದ ಓಡ್ತಾನ. ಆವಾಗ ಆ ಕೋಳಿ ರಾಜಕುಮಾರಿ ಸಾಕಿದ್ದು ಅನ್ನಬೇಕಾಗ್ತೈತಿ!" ಎಂದು ಹಸನ್‌ಸಾಬರು ಅವರನ್ನು ನೋಡಲು ಬಂದ ನನಗೆ ಹೇಳುತ್ತಾರೆ.

ಆಟದೊಳಗಿನ ಯಾರಾದರೂ ವೀರನಿಗೆ ಪ್ರಶ್ನೆ ಕೇಳಿದರೆ ಆಟದ ರಿಮೋಟು ಹಸನ್‌ಸಾಬರ ಕೈಗೆ. ಆಡುವವನು "ಹ್ಞೂಂ" ಎಂದರೆ ಮೇಲಿನ ಸಾಲು, "ಉಹೂಂ" ಎಂದರೆ ಕೆಳಗಿನದು. ಒತ್ತಿದ್ದು ಒತ್ತಿದ್ದೇ.

ಹಮಾಲ ಬಾಲಪ್ಪ ಒಂದು ತಿಂಗಳಿಂದ ಆಡುತ್ತಿರುವ ಆಟ ಇವತ್ತು ಕೊನೆಯ ಬಾಗಿಲಿಗೆ ಬಂದಿದೆ. ಬುತ್ತಿ ತಂದ ಅವನ ತಾಯಿ ಆದಮ್ಮ ಹೊಸ್ತಿಲ ಮೇಲೆ ಕೂತಿದ್ದಾರೆ. ಪರದೆಯ ಮೇಲೆ ಮಾಂತ್ರಿಕ.

"'ಅರ್ಧ ರಾಜ್ಯ ಕೊಡ್ತೀನಿ, ನಿನ್ನ ಕತ್ತಿ ನನಗ ಕೊಡ್ತಿಯೇನು?' ಅಂತ ಕೇಳ್ತಾನ," ಎನ್ನುತ್ತಾರೆ ಹಸನ್‌ಸಾಬರು.

"ಹ್ಞೂಂ," ಎನ್ನುತ್ತದೆ ಹಿಂದಿನಿಂದೊಂದು ದನಿ. ತಿರುಗಿಯೂ ನೋಡದೆ ಹಸನ್‌ಸಾಬರು ಗುಂಡಿ ಒತ್ತುತ್ತಾರೆ.

ಕತ್ತಿ ಮಾಯ.

"ಯವ್ವಾ! ಏನ್ ಮಾಡಿದಿ ಬೇ! ನನ್ನ ತಿಂಗಳ ದುಡಿತ!" ಬಾಲಪ್ಪ ತಾಯಿಯ ಕಡೆ ತಿರುಗುತ್ತಾನೆ.

"ಕತಿ ಹೇಳಾಕತ್ರ ಹ್ಞೂಂ ಅನ್ನಬಾರದೇನಲೇ? ಸುಮ್ನ ಕುಂತ್ರ ಮುದುಕಿ ನಿದ್ದಿ ಹೋದ್ಲು ಅನ್ಕೊಳ್ಳಂಗಿಲ್ಲೇನು ಅವರು?"

ವೀರ ಬರಿಗೈಯಲ್ಲಿ ಮೊದಲಿನ ಹಳ್ಳಿಗೇ ಬಂದು ಬಿದ್ದಿದ್ದಾನೆ. ಎದುರಿಗೊಬ್ಬ ಮುದುಕಿ, ಉದ್ದನೆಯ ಮಾತು. ಈ ದಾರಿಯನ್ನು ಹಸನ್‌ಸಾಬರೂ ಕಂಡಿಲ್ಲ. ಅಂಗಡಿಯೆಲ್ಲ ಅವರ ಬಾಯಿ ನೋಡುತ್ತಿದೆ. ಬಾಲಪ್ಪ ಚಪ್ಪಲಿ ಹುಡುಕುತ್ತಿದ್ದಾನೆ.

"ಕುಂದ್ರೋ ಬಾಲಪ್ಪ. ಕತ್ತಿ ಹೋತು, ಕತಿ ಹೋಗಿಲ್ಲ. ಈಕಿ ನಿಮ್ಮವ್ವ. 'ಮೊದಲ ರೊಟ್ಟಿ ತಿನ್ನು, ಆಮ್ಯಾಲ ಇನ್ನೊಂದು ಕತ್ತಿ ಹುಡುಕೂಣು' ಅನ್ನಾಕತ್ತಾಳ."

ಬಾಲಪ್ಪ ತಾಯಿಯ ಮುಖ ನೋಡುತ್ತಾನೆ. ನಗು ತಡೆಯಲಾಗದೆ ಬುತ್ತಿ ಬಿಚ್ಚುತ್ತಾನೆ.

ಎಲ್ಲರೂ ತಿನ್ನುವಾಗ ನಾನು ಹಸನ್‌ಸಾಬರನ್ನು ಕೇಳುತ್ತೇನೆ: ಆ ಜಪಾನಿ ಅಕ್ಷರ ಕಲಿಯುವ ಆಸೆಯಿಲ್ಲವೇ?

"ಬ್ಯಾಡ್ರೀ ಅಕ್ಕಾವ್ರ! ಅದರಾಗ ಬ್ಯಾರೇನರ ಬರೆದಿದ್ರ ಇವರು ನನ್ನ ಬಿಡ್ತಾರೇನು?" ಎಂದು ನಗುತ್ತಾರೆ. ಆಮೇಲೆ ಮೆಲ್ಲಗೆ, "ಒಂದ ಆಸೆ ಐತಿ. ಗುಂಡಿ ಒತ್ತೋದಿಲ್ಲದ ಒಂದು ಕತಿ ಹೇಳಬೇಕು. ಕೇಳೋರು ಬರೇ ಹ್ಞೂಂ ಅನ್ನಬೇಕು."

"ಹ್ಞೂಂ," ಎನ್ನುತ್ತಾರೆ ಬುತ್ತಿಬಟ್ಟೆ ಮಡಚುತ್ತಿದ್ದ ಆದಮ್ಮ.

ಹಸನ್‌ಸಾಬರ ಹೆಬ್ಬೆರಳು ತಾನಾಗಿಯೇ ಕೈಯಲ್ಲೇ ಉಳಿದ ರಿಮೋಟಿನ ಗುಂಡಿಯ ಕಡೆ ಹೊರಡುತ್ತದೆ. ಬಾಲಪ್ಪ ರೊಟ್ಟಿ ಬಿಟ್ಟು ಎರಡೂ ಕೈಯಿಂದ ಆ ಹೆಬ್ಬೆರಳನ್ನು ಹಿಡಿದುಕೊಳ್ಳುತ್ತಾನೆ.