ಎರಡನೇ ತಿರುವಿನ ಶಶಿ ಅಕ್ಕ

ಶಶಿ ಅಕ್ಕನ ಎಡಗಣ್ಣು ಯಾವಾಗಲೂ ಅರ್ಧ ಮುಚ್ಚಿಕೊಂಡೇ ಇರುತ್ತಿತ್ತು. ಮೈಸೂರಿನಲ್ಲಿ ವರ್ಷಗಟ್ಟಲೆ ಮದುವೆ ವಿಡಿಯೊ ತೆಗೆದು, ಬಲಗಣ್ಣನ್ನು ಕ್ಯಾಮೆರಾಕ್ಕೆ ಒತ್ತಿ ಒತ್ತಿ ಬಂದ ಅಭ್ಯಾಸ ಅದು. ಊಟ ಮಾಡುವಾಗಲೂ ಜಗಳವಾಡುವಾಗಲೂ ಒಂದೂವರೆ ಕಣ್ಣಿನಲ್ಲೇ ನೋಡುತ್ತಿದ್ದಳು. ಎದುರಿಗಿದ್ದವರಿಗೆ ಇವಳು ನಮ್ಮನ್ನು ಅಳೆಯುತ್ತಿದ್ದಾಳೆ ಅನ್ನಿಸುತ್ತಿತ್ತು. ಅಳೆಯುತ್ತಲೂ ಇದ್ದಳು.

ಒಮ್ಮೆ ಮುಹೂರ್ತದ ಹೊತ್ತಿಗೆ ಪುರೋಹಿತರು, "ಹೆಂಗಸು ಹೀಗೆ ಮಂಟಪಕ್ಕೆ ನುಗ್ಗೋದಾ? ಆಚೆ ನಿಲ್ಲಮ್ಮ" ಎಂದು ಗದರಿದರು. ಅಕ್ಕ ಕ್ಯಾಮೆರಾದಿಂದ ಕಣ್ಣು ತೆಗೆಯಲಿಲ್ಲ. "ಆಯ್ತು ಭಟ್ರೇ, ನಿಲ್ತೀನಿ. ಆಮೇಲೆ ತಾಳಿ ಇನ್ನೊಂದ್ಸಲ ಕಟ್ಟಿಸ್ತೀರಾ?" ಮಂಟಪದಲ್ಲಿ ಎಲ್ಲರೂ ನಕ್ಕರು. ಪುರೋಹಿತರೇ ಸರಿದು ಕೂತರು.

ಭಾವನ ಕೆಲಸದಿಂದಾಗಿ ಅವಳು ಆಸ್ಟ್ರೇಲಿಯಾದ ಪರ್ತ್‌ಗೆ ಬಂದಳು. ಕೆಲವು ವರ್ಷಗಳ ಮೇಲೆ ಹೋಟೆಲಿನ ಅಡುಗೆಯವನಾಗಿ ನಾನೂ ಬಂದೆ. ಹತ್ತನೇ ಕ್ಲಾಸು ದಾಟದ ನನಗೆ ಗೊತ್ತಿದ್ದ ವಿದ್ಯೆ ಅದೊಂದೇ. ವೀಸಾದ ಕಾಗದಗಳನ್ನೆಲ್ಲ ಅಕ್ಕನೇ ತುಂಬಿದಳು. ಪಿಯಾರಾ ವಾಟರ್ಸ್ ಬಡಾವಣೆಯ ಅವಳ ಮನೆಯಲ್ಲೇ ನಾನಿದ್ದೆ. ಅಷ್ಟರಲ್ಲಿ ಅವಳು ಒಂದು ಸಣ್ಣ ಲೋಕಲ್ ಟಿವಿ ಚಾನೆಲ್‌ನ ತಂಡ ಸೇರಿದ್ದಳು. ಅದರ ಮುಖ್ಯಸ್ಥ ಗ್ರೆಗ್ ಮೊದಲ ದಿನ, ನೀನು ಯಾವತ್ತಾದರೂ ಕಾರ್ ರೇಸ್ ಶೂಟ್ ಮಾಡಿದ್ದೀಯಾ ಎಂದು ಕೇಳಿದನಂತೆ. "ನಮ್ಮೂರ ಮದುವೇಲಿ ಮೊದಲ್ನೇ ಪಂಕ್ತಿಗೆ ಜನ ನುಗ್ಗೋದನ್ನ ಶೂಟ್ ಮಾಡಿದೀನಿ. ಅದಕ್ಕಿಂತ ಜೋರಾಗಿ ನಿನ್ನ ಯಾವ ಕಾರೂ ನುಗ್ಗಲ್ಲ ಅಂದೆ ಕಣೋ" ಎಂದು ಮನೆಗೆ ಬಂದು ಹೇಳಿದಳು.

ವರ್ಷಕ್ಕೊಂದು ವಾರ ಊರಾಚೆಯ ಜೇಡಿಮಣ್ಣಿನ ಟ್ರ್ಯಾಕಿನಲ್ಲಿ ಸ್ಟಾಕ್ ಕಾರ್ ರೇಸ್ ನಡೆಯುತ್ತದೆ. ಹಳೆಯ ಕಾರುಗಳಿಗೆ ದಪ್ಪ ಕಬ್ಬಿಣದ ಕಂಬಿ ಬಿಗಿದು, ಒಂದಕ್ಕೊಂದು ಗುದ್ದಿಸಿಕೊಂಡೇ ಓಡಿಸುತ್ತಾರೆ. ಎರಡನೇ ತಿರುವಿನ ಗೋಡೆಯ ಹಿಂದೆ ನಿಲ್ಲಲು ಯಾರೂ ಒಪ್ಪುತ್ತಿರಲಿಲ್ಲ. ಅಕ್ಕ ಆ ಜಾಗವನ್ನು ಕೇಳಿ ತೆಗೆದುಕೊಂಡಳು. ಲೆನ್ಸಿಗೆ ಮಣ್ಣು ಸಿಡಿದಾಗಲೆಲ್ಲ ಅಮ್ಮನ ಹಳೇ ಕಾಟನ್ ಸೀರೆಯ ತುಂಡಿನಿಂದ ಒರೆಸಿ ಮತ್ತೆ ಕಣ್ಣಿಡುತ್ತಿದ್ದಳು.

ಆ ವಾರ ರಜೆ ಹಾಕಿ ನಾನು ಅವಳ ಹಿಂದೆ ಕೇಬಲ್ ಹಿಡಿಯಲು ಹೋದೆ. ಅವಳು ಹೇಳಿಕೊಟ್ಟ ಪಾಠ ಇಷ್ಟೇ: "ನನ್ನ ಕಣ್ಣು ಒಂದು ಕಾರಿನ ಮೇಲಿರುತ್ತೆ. ಉಳಿದ ಎಲ್ಲಾ ಕಾರೂ ನಿಂದು. ಯಾವುದಾದ್ರೂ ಗೋಡೆ ಕಡೆ ಬಂದ್ರೆ ನನ್ನ ಬೆಲ್ಟ್ ಎಳಿ. ಕೂತ್ಬಿಡ್ತೀನಿ. ಯಾಕೋ ಮಂಜು ಅಂತ ಕೇಳಲ್ಲ." ಅವಳು ಚಿತ್ರ ಸರಿನೋಡಿಕೊಳ್ಳಲು ಇಟ್ಟುಕೊಂಡಿದ್ದ ಒಂದು ಪುಟ್ಟ ಪರದೆ ನನ್ನ ಕಾಲ ಬಳಿ ಇತ್ತು. "ಅದನ್ನೇನಾದ್ರೂ ನೋಡ್ತಾ ನಿಂತ್ಯೋ, ಕೆನ್ನೆಗೆ ಬಿಡ್ತೀನಿ."

ನಾಲ್ಕು ದಿನ ಸರಿಯಾಗಿಯೇ ಮಾಡಿದೆ. ಹತ್ತಾರು ಸಲ ಬೆಲ್ಟ್ ಎಳೆದೆ, ಪ್ರತಿ ಸಲವೂ ಮರುಮಾತಿಲ್ಲದೆ ಕೂತಳು. ಊರೆಲ್ಲ ಹಟಮಾರಿ ಅನ್ನುತ್ತಿದ್ದ ನನ್ನಕ್ಕ, ಯಾರ ಮಾತಿಗೂ ಹಾಗೆ ಕೂತವಳಲ್ಲ.

ಐದನೇ ದಿನ ಮಧ್ಯಾಹ್ನ ನಾನು ಪರದೆ ನೋಡಿದೆ. ಕೆಂಪು ಧೂಳಿನೊಳಗಿಂದ ಒಂದು ಹಸಿರು ಕಾರು ಅಡ್ಡಡ್ಡ ಜಾರಿ ಬರುತ್ತಿತ್ತು. ಅಕ್ಕ ಅದನ್ನು ಹಿಡಿದಿದ್ದ ರೀತಿ ಅಷ್ಟು ಚೆನ್ನಾಗಿತ್ತು, ಕಣ್ಣು ಕೀಳಲಾಗಲಿಲ್ಲ. ಇನ್ನೊಂದು ಕಾರು ಗೋಡೆಗೆ ಬಡಿದದ್ದು ನನಗೆ ಸದ್ದಿನಿಂದ ಗೊತ್ತಾಯಿತು. ಅದರ ಕಂಬಿಯೊಂದು ಕಿತ್ತು ಗೋಡೆ ಹಾರಿ ಬಂದು ಕ್ಯಾಮೆರಾ ಒಡೆಯಿತು, ಅಕ್ಕನ ಭುಜದ ಮೂಳೆ ಮುರಿಯಿತು.

ಟ್ರ್ಯಾಕಿನ ಸುರಕ್ಷತಾ ಅಧಿಕಾರಿ, ಗ್ರೆಗ್ ಇಬ್ಬರೂ ಓಡಿಬಂದರು. ಬೆಲ್ಟ್ ಎಳೆದೆಯಾ ಎಂದು ಗ್ರೆಗ್ ಕೇಳಿದ.

"ಎಳೆದೆ. ಅವಳು ಕೂರಲಿಲ್ಲ" ಎಂದೆ.

"ಶಿ ನೆವರ್ ಲಿಸನ್ಸ್, ಮೇಟ್" ಎಂದು ಅವನು ನಿಟ್ಟುಸಿರು ಬಿಟ್ಟ. ಅಧಿಕಾರಿ ಅದನ್ನೇ ಬರೆದುಕೊಂಡ. ಸ್ಟ್ರೆಚರಿನ ಮೇಲಿದ್ದ ಅಕ್ಕನಿಗೆ ಎಲ್ಲವೂ ಕೇಳಿಸಿತು.

ಆಗ ಅಲ್ಲೇ ಕಾಯಂ ನೆಲೆಸಲು ಹಾಕಿದ್ದ ನನ್ನ ಪಿಆರ್ ಅರ್ಜಿ ಇನ್ನೂ ಬಾಕಿ ಇತ್ತು. ಕೇಸಾದರೆ ವಾಪಸ್ ಕಳಿಸಿಬಿಡುತ್ತಾರೆ ಎಂದು ಹೆದರಿದೆ ಅಂತ ನನಗೆ ನಾನೇ ಎಷ್ಟೋ ದಿನ ಹೇಳಿಕೊಂಡೆ. ಅದು ಸುಳ್ಳು. ಬೈಸಿಕೊಳ್ಳುವ ಧೈರ್ಯ ನನಗಿರಲಿಲ್ಲ, ಅಷ್ಟೇ.

ಸೂಚನೆ ಪಾಲಿಸದೆ ತಪ್ಪು ಮಾಡಿದೆ ಎಂದು ಸಹಿ ಹಾಕಿದರೆ ಮುಂದಿನ ವರ್ಷ ಟ್ರ್ಯಾಕಿಗೆ ಬಿಡುತ್ತೇವೆ ಎಂದು ಟ್ರ್ಯಾಕಿನ ಆಫೀಸಿನಿಂದ ಅಕ್ಕನಿಗೆ ಪತ್ರ ಬಂತು. ಭಾವ, "ಒಂದು ಸೈನ್ ತಾನೇ ಶಶಿ, ಹಾಕ್ಬಿಡು" ಎಂದರು. ಕೊರಳಿಗೆ ಕಟ್ಟಿದ ಪಟ್ಟಿಯಲ್ಲಿ ಕೈ ತೂಗಿಹಾಕಿಕೊಂಡಿದ್ದ ಅಕ್ಕ ನನ್ನ ಮುಖ ನೋಡಿದಳು. ನಾನು ಸೊಪ್ಪು ಬಿಡಿಸುತ್ತಿದ್ದೆ.

"ಎಳೆದಿದ್ರೆ ಕೂತಿರ್ತಿದ್ದೆ. ಸೈನ್ ಹಾಕಲ್ಲ" ಎಂದಳು.

ಅವಳ ಜಾಗ ಹೋಯಿತು. ಭಾವ ಕೆಲಸ ಬದಲಿಸಿ, ಇಬ್ಬರೂ ಪರ್ತ್ ಬಿಟ್ಟರು. ಮೊದಲು ಅಡಿಲೇಡಿನ ಮಾಡ್ಬರಿ, ಆಮೇಲೆ ಬ್ರಿಸ್ಬೇನಿನ ರನ್‌ಕಾರ್ನ್. ಅಕ್ಕನ ಬಲಗೈ ಭುಜಕ್ಕಿಂತ ಮೇಲೆ ಏಳುತ್ತಿರಲಿಲ್ಲ. ಎಡಗೈಯಲ್ಲಿ ಕ್ಯಾಮೆರಾ ಹಿಡಿಯುವುದನ್ನು ಕಲಿತು ನಾಮಕರಣ, ಸೀಮಂತ ಎಂದು ಓಡಾಡಿದಳಂತೆ. ನನಗೆ ಫೋನ್ ಮಾಡುತ್ತಿರಲಿಲ್ಲ.

ಹೋದ ವರ್ಷ ತಡೆಯಲಾರದೆ ರನ್‌ಕಾರ್ನ್‌ಗೆ ಹೋದೆ. ಬಾಗಿಲು ತೆಗೆದಳು, ಊಟಕ್ಕೆ ಹಾಕಿದಳು. ನಾನು ತಟ್ಟೆಯ ಮುಂದೆ ಕೂತು ಅತ್ತೆ.

"ಅಕ್ಕ, ನಾನು ಅವತ್ತು..."

"ಗೊತ್ತು. ಹುಳಿಗೆ ಉಪ್ಪು ಸಾಲ್ದು, ಹಾಕ್ಕೋ."

"ನನ್ನ ಕ್ಷಮಿಸ್ಬಿಡೇ."

"ನನ್ನ ಮನೇಲಿ ಅತ್ರೆ ಏನಾಗುತ್ತೋ? ಸುಳ್ಳು ಹೇಳಿದ್ದು ಅಲ್ಲಿ, ನಿಜ ಇಲ್ಲಿ ಹೇಳ್ತೀಯಾ? ಅಲ್ಲಿ ಹೋಗಿ ಹೇಳು. ಈಗ ಏಳು, ಮಧ್ಯಾಹ್ನ ಒಂದು ನಾಮಕರಣ ಇದೆ, ಹೊರಡ್ಬೇಕು." ಚೀಲ ಹೆಗಲಿಗೇರಿಸಿ ಹೊರಟೇಬಿಟ್ಟಳು. ಅವಳನ್ನು ನಾನು ನೋಡಿದ್ದು ಅದೇ ಕಡೆ.

ಪರ್ತ್‌ಗೆ ವಾಪಸ್ ಬಂದು ಟ್ರ್ಯಾಕಿನ ಆಫೀಸಿಗೆ ಹೋದೆ. ಹಳೇ ವರದಿ ತಿದ್ದಲಾಗದು ಎಂದರು. ಹಾಗಾದರೆ ಅದರ ಮೇಲೆ ಇದನ್ನೂ ಇಡಿ ಎಂದು ನನಗೆ ಬಂದ ಇಂಗ್ಲಿಷಿನಲ್ಲೇ ಕೂತು ಬರೆದೆ. ನಾನು ಬೆಲ್ಟ್ ಎಳೆಯಲಿಲ್ಲ. ನಾನು ಪರದೆ ನೋಡುತ್ತಿದ್ದೆ. ನಾನು ಸುಳ್ಳು ಹೇಳಿದೆ. ಇದಾದ ಮೇಲೆ ನಿನ್ನನ್ನು ಇನ್ನೆಂದೂ ಒಳಗೆ ಬಿಡುವುದಿಲ್ಲ ಎಂದು ಅಧಿಕಾರಿ ಎಚ್ಚರಿಸಿದ. ಸಹಿ ಹಾಕಿದೆ. ನಕಲು ಕೇಳಿ ಪಡೆದು ಗ್ರೆಗ್‌ನ ಕೈಗೂ ಕೊಟ್ಟೆ. ಅವನು ಓದಿ, ನನ್ನೆದುರೇ ಅಕ್ಕನಿಗೆ ಫೋನ್ ಮಾಡಿದ. ಅವಳು ಏನೆಂದಳೋ ಅವನು ನನಗೆ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಇನ್ನೆರಡು ವಾರಕ್ಕೆ ರೇಸ್ ಶುರು. ಅಕ್ಕ ಬಂದರೆ ಎರಡನೇ ತಿರುವು ಅವಳದೇ ಅಂದಿದ್ದಾನೆ ಗ್ರೆಗ್. ನಾನು ಬೇಲಿಯಾಚೆ ಇರುತ್ತೇನೆ.